ಮುಯ್ಯಾಳಿಗೆ ಬಂದ ರಕ್ಕಸಿ

ಅಫ್ರೀನ ಒಂದು ಗೆರೆ ಎಳೆದರೆ ಎರಡು ಗೆರೆ ಅಳಿಸುವವಳು. ಲಕ್ಷ್ಮೇಶ್ವರದಲ್ಲಿ ಅವಳ ಅಪ್ಪ ಮಹಬೂಬಸಾಬನ ಗಾದಿ ಅಂಗಡಿ. ಮುಂದೆ ಹತ್ತಿ ಹಿಂಜುವ ಯಂತ್ರ, ಹಿಂದೆ ಮನೆ, ನಡುವೆ ಒಂದು ಪಡಸಾಲೆ. ಹೊಲಿದ ಗಾದಿಗಳನ್ನು ಪೇರಿಸಿಟ್ಟ ಆ ಪಡಸಾಲೆಯ ಕಿಟಕಿಯ ಬಳಿ ಕುಳಿತು ಅವಳು ಹಾಳೆಯ ಮೇಲೆ ಪೆನ್ಸಿಲ್ ಆಡಿಸುತ್ತಿದ್ದಳು, ಆಮೇಲೆ ರಬ್ಬರು ಆಡಿಸುತ್ತಿದ್ದಳು, ಹಾಳೆ ತೂತು ಬಿದ್ದಾಗ ಹೊಸದೊಂದು ತೆಗೆಯುತ್ತಿದ್ದಳು.

“ನನ್ನ ಹತ್ತಿಗಿಂತ ನಿನ್ನ ರಬ್ಬರಿನ ಪುಡಿನ ಹೆಚ್ಚಾತಲ್ಲವಾ,” ಎಂದು ಮಹಬೂಬಸಾಬ ಯಂತ್ರದ ಸದ್ದಿನ ಮೇಲೆ ಕೂಗುತ್ತಿದ್ದ. “ಕೂಡಿಸಿಡು. ಒಂದು ತಲಿದಿಂಬಿಗೆ ಸಾಕಾಕ್ಕೈತಿ.”

ಅವಳು ಬರೆಯಬೇಕಾಗಿದ್ದದ್ದು ಒಂದೇ ಪುಟ. ಧೂಮಗಡ ಎಂಬ ಮೊಬೈಲ್ ಆಟದ ಮೇಲೆ, ಆ ಆಟದ ಹುಚ್ಚಿನವರೇ ಸೇರಿ ಮಾಡುತ್ತಿದ್ದ ಚಿತ್ರಗಳ ಪುಸ್ತಕಕ್ಕೆ.

ಧೂಮಗಡ ಆಡದವರು ಇಷ್ಟು ತಿಳಿದುಕೊಂಡರೆ ಸಾಕು: ಒಂದು ಕೋಟೆ, ಅದನ್ನು ಕಾಯುವ ಒಂದು ದಂಡು, ಗೋಡೆ ಒಡೆಯಲು ಬರುವ ಹೊಗೆಗುದುರೆಗಳು, ಅವುಗಳ ಹಿಂದೆ ಕೆಂಡವ್ವ ಎಂಬ ರಕ್ಕಸಿ. ಕೆಂಡವ್ವ ಸತ್ತರೆ ಆ ವಾರ ಗೆದ್ದಂತೆ. ಮುಂದಿನ ವಾರ ಮತ್ತೆ ಎದ್ದು ಬರುತ್ತಾಳೆ. ಅವಳಿಗೂ ಬೇರೆ ಉದ್ಯೋಗವಿಲ್ಲ, ಆಡುವವರಿಗೂ ಇಲ್ಲ ಎಂದು ಮನೆಮನೆಯ ಹಿರಿಯರ ಅಭಿಪ್ರಾಯ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಆಟಗಾರರು ಸೇರಿ ಕಟ್ಟಿಕೊಂಡ ದಂಡಿನ ಹೆಸರು ಗಿರ್ಮಿಟ್ ದಂಡು. ಪುಸ್ತಕದ ಹುಳ ಹೊಕ್ಕಿದ್ದು ಈ ದಂಡಿನ ಮುಖ್ಯಸ್ಥ ವೀರುವಿನ ತಲೆಗೆ.

ವೀರುವಿನದು ಗದಗಿನಲ್ಲಿ ಫ್ಲೆಕ್ಸ್ ಅಂಗಡಿ. ಹುಟ್ಟಿದ ಹಬ್ಬ, ಸತ್ತವರ ಪುಣ್ಯತಿಥಿ, ಗೆದ್ದವರಿಗೆ ಅಭಿನಂದನೆ, ಸೋತವರಿಗೆ ಮುಂದಿನ ಸಲದ ಹಾರೈಕೆ, ಎಲ್ಲಕ್ಕೂ ಅವನ ಕಂಪ್ಯೂಟರಿನಲ್ಲಿ ಒಂದೇ ಹಿನ್ನೆಲೆ. ಆ ಅಂಗಡಿಯಿಂದ ಹೊರಬಿದ್ದ ಯಾವ ಮುಖವೂ ಕಪ್ಪಗಿರುತ್ತಿರಲಿಲ್ಲ, ಯಾರ ಹಿಂದೆಯೂ ಹುಲಿ ಇಲ್ಲದೆ ಇರುತ್ತಿರಲಿಲ್ಲ. ಹತ್ತಾರು ವರ್ಷ ಕೈಮುಗಿದು ನಿಂತ ಧುರೀಣರನ್ನೇ ಅಚ್ಚು ಹಾಕಿ ಅವನಿಗೆ ವಾಕರಿಕೆ ಬಂದಿತ್ತು. ಒಮ್ಮೆಯಾದರೂ ಕೈ ಮುಗಿಯದವರ ಚಿತ್ರ ಅಚ್ಚಾಗಲಿ ಎಂಬುದೇ ಅವನ ಆಸೆ.

ಆದರೆ ಸುದ್ದಿ ಹಬ್ಬಿದ ವಾರದಲ್ಲೇ ಆಶೀರ್ವಚನ ಕೊಡಿಸುತ್ತೇವೆಂದು ಒಬ್ಬರು, ಮುನ್ನುಡಿ ಬರೆದೇ ತಂದಿದ್ದೇನೆಂದು ಇನ್ನೊಬ್ಬರು ಬಂದರು. ವಾರ್ಡಿನ ಯುವ ನಾಯಕನೊಬ್ಬ ಮುಖಪುಟದ ಮೇಲೆ ತನ್ನ ಫೋಟೋ ಇರಲಿ, ಹೊಗೆಗುದುರೆ ಬೇಕಾದರೆ ಕೆಳಗೆ ಸಣ್ಣದಾಗಿ ಬರಲಿ ಎಂದ. “ಕುದರಿ ಮ್ಯಾಲ ನಿಮ್ಮನ್ನ ಕುಂಡ್ರಸ್ತೀನ್ರಿ, ಆದ್ರ ಅದು ಹೊಗಿ ಕುದರಿ. ಬಿದ್ರ ನನ್ನ ಕೇಳಬ್ಯಾಡ್ರಿ,” ಎಂದು ವೀರು ಅವನನ್ನು ಸಾಗಹಾಕಿದ.

ಬೆಟಗೇರಿಯ ಮುದ್ರಣಾಲಯದ ದೇವೇಂದ್ರಪ್ಪ ಮಾತ್ರ ಯಾವ ಆಸೆಯನ್ನೂ ತೋಡಿಕೊಳ್ಳಲಿಲ್ಲ. “ತುಳಸಿ ಲಗ್ನದ ಒಳಗ ಎಲ್ಲಾ ಪುಟ ತಂದು ಕೊಟ್ರ ಮಾಡಿ ಕೊಡ್ತೀನಿ. ಆಮ್ಯಾಲ ಮಂದಿ ಲಗ್ನಪತ್ರದ ಸುಗ್ಗಿ. ನಿಮ್ಮ ರಕ್ಕಸಿ ಬಂದು ನಿಂತ್ರೂ ಆಕಿ ಲಗ್ನ ಇದ್ರನ ಮಷೀನ ಹತ್ತಿಸ್ತೀನಿ,” ಎಂದ.

ಹೀಗಾಗಿ ವೀರು ಎಲ್ಲರನ್ನೂ ಹುರಿದುಂಬಿಸುವ ಕೆಲಸಕ್ಕೆ ಬಿದ್ದ. ಅವನ ಹುರಿದುಂಬಿಸುವಿಕೆಯಲ್ಲಿ ಭೇದಭಾವವಿರಲಿಲ್ಲ. ಯಾರು ಏನು ಕಳಿಸಿದರೂ “ಬೆಂಕಿ!” ಎಂದು ಉತ್ತರಿಸುತ್ತಿದ್ದ. ಶಿರಹಟ್ಟಿಯ ನಂದೀಶ ಕಳಿಸಿದ ಹೊಗೆಗುದುರೆ ಕೆರೆಯಿಂದ ಆಗಷ್ಟೇ ಎದ್ದ ಎಮ್ಮೆಯಂತಿತ್ತು. ಅದೂ ಬೆಂಕಿ. ಮುಂಡರಗಿಯ ಮೌನೇಶ ಕೋಟೆಯ ಬಾಗಿಲು ಬರೆದಿದ್ದ. ಅಳತೆಪಟ್ಟಿ ಇಟ್ಟು ಎಳೆದ ಗೆರೆಗಳು, ಬಾಗಿಲಿಗಿಂತ ಚಿಲಕ ದೊಡ್ಡದು. ಅದೂ ಬೆಂಕಿ. ಎಮ್ಮೆಗೂ ಚಿಲಕಕ್ಕೂ ಒಂದೇ ಹೊಗಳಿಕೆ ಬಿದ್ದದ್ದನ್ನು ನೋಡಿದ ಅಫ್ರೀನಳಿಗೆ ಆ ಮಾತಿನ ಮೇಲೆ ನಂಬಿಕೆ ಹೋಗಿತ್ತು. ತನ್ನ ಪುಟವನ್ನು ಅವಳು ಯಾರಿಗೂ ತೋರಿಸಿರಲಿಲ್ಲ.

ಏನು ಬರೆಯಬೇಕೆಂಬುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಆಟದಲ್ಲಿ ಕೆಂಡವ್ವ ಎಂದರೆ ಬರೀ ಹಲ್ಲು, ಕೊಂಬು, ಬೆಂಕಿ. ವಾರವಾರ ಬಂದು ಸಾಯುವ ಆ ಹೆಂಗಸು ಒಂದು ಸಾವಿಗೂ ಇನ್ನೊಂದು ಸಾವಿಗೂ ನಡುವೆ ಏನು ಮಾಡುತ್ತಾಳೆ? ಎಲ್ಲೋ ಗೋಡೆಗೆ ಒರಗಿ, ಕಾಲು ಚಾಚಿ ಕೂರುತ್ತಾಳೆ. ಅದನ್ನೇ ಬರೆಯಬೇಕು. ಆದರೆ ದಣಿದು ಕುಳಿತ ದೊಡ್ಡ ಮೈಯ ಹೆಂಗಸು ಅವಳ ಪೆನ್ಸಿಲ್ಲಿಗೆ ಸಿಗುತ್ತಿರಲಿಲ್ಲ. ಒಮ್ಮೆ ಗೋಣಿಚೀಲವಾಗುತ್ತಿತ್ತು, ಒಮ್ಮೆ ಗುಡ್ಡವಾಗುತ್ತಿತ್ತು. ಶಾಲೆ ಬಿಟ್ಟ ಮೇಲೂ ವರ್ಷಗಟ್ಟಲೆ ಬರೆದು ಅಳಿಸಿದ್ದ ಅಫ್ರೀನಳ ಒಂದು ಚಿತ್ರವೂ ಕೊನೆಮುಟ್ಟಿರಲಿಲ್ಲ. ಇದೊಂದು ತನ್ನ ಕೈಯಿಂದಲೇ ಮುಗಿಯಬೇಕು, ಕೆಳಗೆ ತನ್ನ ಹೆಸರಿರಬೇಕು. ಇದೂ ಆಗದಿದ್ದರೆ ಪೆನ್ಸಿಲ್ ಬಿಟ್ಟು ಗಾದಿ ಹೊಲಿಯುವ ಸೂಜಿ ಹಿಡಿಯುವುದೆಂದು ಅವಳು ತನ್ನೊಳಗೇ ತೀರ್ಮಾನಿಸಿದ್ದಳು.

ಪುಸ್ತಕದ ಮೊದಲ ಪುಟ ಮಾತ್ರ ನೀಲಗಂಗವ್ವನದು ಎಂದು ದಂಡು ಒಂದೇ ಬಾಯಿಂದ ಒಪ್ಪಿತ್ತು.

ನೀಲಗಂಗವ್ವ ಅಂತೂರ ಬೆಂತೂರದ ರೈತ ಹೆಂಗಸು, ಮೊಮ್ಮಕ್ಕಳನ್ನು ಕಂಡವಳು. ಹೊಲ ಕಾಯುವಾಗ ಹೊತ್ತು ಹೋಗಲೆಂದು ಮಗನ ಹಳೆಯ ಮೊಬೈಲಿನಲ್ಲಿ ಆಟ ಹಿಡಿದವಳು, ಗಿರ್ಮಿಟ್ ದಂಡಿನ ಅತಿ ಕ್ರೂರ ಕಾದಾಳುವಾಗಿ ಬೆಳೆದಿದ್ದಳು. ‘ನೀಲ್ ಬಾಸ್’ ಎಂಬ ಆಕೆಯ ಆಟದ ಹೆಸರು ನೋಡಿ ದಂಡಿನ ಹುಡುಗರು ಬಹಳ ಕಾಲ ಯಾರೋ ಕಾಲೇಜು ಹುಡುಗನೆಂದೇ ತಿಳಿದಿದ್ದರು. ಒಂದು ದಿನ ನಂದೀಶ ಆಟದ ಮಧ್ಯೆ “ಲೇ ನೀಲ್ಯಾ, ಸತ್ತೀಯೇನಲೇ? ಬಾಗಲಾ ಕಾಯಲೇ!” ಎಂದು ಒದರಿದಾಗ, ಆ ಕಡೆಯಿಂದ ಮೊದಲ ಸಲ ಧ್ವನಿ ಬಂತು: “ಎಮ್ಮಿ ಹಿಂಡಾಕತ್ತೀನೋ ಭಾಡ್ಯಾ. ಹಾಲ ಚೆಲ್ಲಿದ್ರ ನಿಮ್ಮಪ್ಪ ತುಂಬಿ ಕೊಡ್ತಾನೇನು?” ಅಂದಿನಿಂದ ಎಲ್ಲರೂ ಆಕೆಯನ್ನು ನೀಲವ್ವಾರ ಎಂದು ಕರೆಯತೊಡಗಿದರು.

ಆಕೆ ದನದ ಕೊಟ್ಟಿಗೆಯ ಮಣ್ಣಿನ ಗೋಡೆಯ ಮೇಲೆ ಸುಣ್ಣದಿಂದ ಹೊಗೆಗುದುರೆ ಬರೆದು ಅದರ ಫೋಟೋ ಕಳಿಸಿದ್ದಳು. ಎಲ್ಲರೂ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದರು. ಗೋಡೆ ತುಂಬ ಜೀವ ತುಂಬಿದ ಕುದುರೆ. ಕಣ್ಣು ಮಾತ್ರ ಎತ್ತಿನದು. ಆಕೆಗೆ ಗೊತ್ತಿದ್ದದ್ದು ಎತ್ತಿನ ಕಣ್ಣೇ.

ದೀಪಾವಳಿ ಮುಗಿದರೂ ಆ ಮೊದಲ ಪುಟ ಬರಲಿಲ್ಲ. ವೀರು ಫೋನು ಮಾಡಿದ.

“ನೀಲವ್ವಾರ, ತುಳಸಿ ಲಗ್ನ ಬಂತ್ರಿ.”

“ಬರ್ಲಿ ತಗೊ. ತುಳಸಿ ಲಗ್ನಕ್ಕ ಕೃಷ್ಣ ಬರ್ತಾನ, ನನ್ನ ಉಳ್ಳಾಗಡ್ಡಿ ಕೀಳಾಕ ಬರೂದಿಲ್ಲ. ಒಂದ ಆಳು ಸಿಗವಲ್ದು. ಹೊಲದಾಗ ಗಡ್ಡಿ ಕೊಳಿಯಾಕ ಬಿಟ್ಟು ಕುದರಿ ಚಿತ್ರ ತಗಿಯಂತೀಯೇನು?”

“ನಾವ ಬರ್ತೀವ್ರಿ!” ಎಂದುಬಿಟ್ಟ ವೀರು, ಹುರುಪಿನಲ್ಲಿ.

“ಪುಕ್ಕಟ ಬ್ಯಾಡ. ಮುಯ್ಯಾಳು ಅಂತ ಬರೂದಿದ್ರ ಬರ್ರಿ.”

“ಆತ್ರಿ, ಮುಯ್ಯಾಳು.”

ಇಂದು ನಿಮ್ಮ ಹೊಲಕ್ಕೆ ನಾನು, ನಾಳೆ ನಮ್ಮ ಹೊಲಕ್ಕೆ ನೀವು. ದಿನಕ್ಕೆ ದಿನ, ದುಡ್ಡಿನ ಮಾತಿಲ್ಲ. ಮುಯ್ಯಾಳು ಎಂದರೆ ಅಷ್ಟೇ. ವೀರುವಿನ ಲೆಕ್ಕದಲ್ಲಿ ಉಳ್ಳಾಗಡ್ಡಿ ಕಿತ್ತದ್ದಕ್ಕೆ ಮುಯ್ಯಿ ಎಂದರೆ ಆಕೆಯ ಮೊದಲ ಪುಟ. ನೀಲಗಂಗವ್ವನ ಲೆಕ್ಕದಲ್ಲಿ ಅದು ಹಾಗಿರಲಿಲ್ಲ. ಆದರೆ ಅದನ್ನು ಆಕೆ ಹೇಳಲಿಲ್ಲ, ಇವನು ಕೇಳಲೂ ಇಲ್ಲ. ಊರಿನವರ ನಡುವೆ ಅದನ್ನು ಬಿಡಿಸಿ ಹೇಳುವ ಪದ್ಧತಿಯೇ ಇಲ್ಲ.

ಹೊರಟವರು ನಾಲ್ವರು: ವೀರು, ನಂದೀಶ, ಮೌನೇಶ, ಅಫ್ರೀನ. ವೀರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ಬದುವಿನ ಮೇಲೆ ನಿಂತು ಒಂದು ಸೆಲ್ಫಿ ತೆಗೆದುಕೊಂಡದ್ದೇ ಅವನ ಆ ದಿನದ ಸುಗಮವಾದ ಕೆಲಸ. ಎರೆಮಣ್ಣು ಒಣಗಿ ಬಿಗಿದಿತ್ತು. ಗಡ್ಡೆಯ ಸೊಪ್ಪು ಹಿಡಿದು ಜಗ್ಗಿದರೆ ಸೊಪ್ಪಷ್ಟೇ ಕೈಗೆ ಬರುತ್ತಿತ್ತು.

“ನಂದೀಶ, ಆಟದಾಗ ಕೆಂಡವ್ವನ ಜಡಿ ಹಿಡದು ನೆಲಕ್ಕ ಬಡಿತಿ. ಇಲ್ಲಿ ಉಳ್ಳಾಗಡ್ಡಿ ಜುಟ್ಟ ಹಿಡದ್ರ ಅದ ನಿನ್ನ ಜಗ್ಗಾಕತ್ತೈತಲ್ಲೋ!”

“ಅಲ್ಲಿ ಬಟನ್ ಇರ್ತೈತ್ರಿ, ನೀಲವ್ವಾರ.”

“ಇಲ್ಲಿ ಸೊಂಟ ಐತಿ. ಅದನ್ನ ಒತ್ತು.”

ಮೌನೇಶ ಸಾಲಿನ ನಡುವೆ ಕುಕ್ಕರಗಾಲಿನಲ್ಲಿ ಕುಳಿತವನು ಏಳಲಾರದೆ ಹಾಗೆಯೇ ಕಪ್ಪೆಯಂತೆ ಮುಂದೆ ಮುಂದೆ ಜಿಗಿದ. ಅಫ್ರೀನ ಕುಡಗೋಲಿನಿಂದ ಸೊಪ್ಪು ಕೊಯ್ಯಲು ಕುಳಿತಳು. ಆ ಕೆಲಸದಲ್ಲಿ ಅಳಿಸುವ ಪ್ರಶ್ನೆ ಇಲ್ಲವಾದ್ದರಿಂದ ಅವಳ ಕೈ ಚುರುಕಾಗಿ ಓಡಿತು. ಮಧ್ಯಾಹ್ನ ಬದುವಿನ ಬೇವಿನ ನೆರಳಲ್ಲಿ ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಉಳ್ಳಾಗಡ್ಡಿ ಮಾತ್ರ ಯಾರೂ ಮುಟ್ಟಲಿಲ್ಲ, ಅದರ ಮುಖ ನೋಡಲೂ ಯಾರಿಗೂ ಮನಸ್ಸಿರಲಿಲ್ಲ. ಹೊತ್ತು ಮುಳುಗುವುದರೊಳಗೆ ತುಂಡು ಹೊಲ ಬರಿದಾಗಿ, ಕೆಂಪು ರಾಶಿ ಬಿದ್ದಿತ್ತು. ನೀಲಗಂಗವ್ವ ರಾಶಿಯನ್ನು ನೋಡಿ, ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿ, “ಆತು. ಬರ್ತೀನಿ,” ಎಂದಳು. ಎಲ್ಲಿಗೆ ಬರುತ್ತಾಳೆ ಎಂದು ಯಾರಿಗೂ ಹೊಳೆಯಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಎರಡು ದಿನ ಬಿಟ್ಟು ನಂದೀಶ ದಂಡಿನ ಗುಂಪಿಗೆ ಹೊಸ ಹೊಗೆಗುದುರೆ ಕಳಿಸಿದ. ಎಮ್ಮೆ ಮಾಯವಾಗಿತ್ತು. ಹಾಳೆಯಿಂದ ಹೊರಗೆ ನೆಗೆಯುವಂಥ ಕುದುರೆ, ಗೊರಸಿನಿಂದ ಏಳುವ ಹೊಗೆ. ವೀರು “ಬೆಂಕಿ” ಸಾಲದೆಂದು “ಜ್ವಾಲಾಮುಖಿ” ಎಂದು ಬರೆದ. ಮರುದಿನ ಮೌನೇಶನ ಕೋಟೆಬಾಗಿಲು ಬಂತು. ಚಿಲಕ ತನ್ನ ಅಳತೆಗೆ ಇಳಿದಿತ್ತು. ಬಾಗಿಲ ಮುಂದೆ, ಮೊದಲಿಲ್ಲದ ಎರಡು ಕಾವಲು ನಾಯಿಗಳು ನಿಂತಿದ್ದವು.

ಅಫ್ರೀನ ಎರಡೂ ಚಿತ್ರಗಳನ್ನು ಹಿಗ್ಗಿಸಿ ನೋಡಿದಳು. ಕುದುರೆಗೆ ಎತ್ತಿನ ಕಣ್ಣು. ನಾಯಿಗಳಿಗೂ ಎತ್ತಿನ ಕಣ್ಣು. ನಂದೀಶನಿಗೆ ಫೋನು ಹಚ್ಚಿದಳು.

“ನಂದೀಶ, ಕುದರಿ ನೀನ ತಗದೀಯೇನು?”

“ನಾನ... ಅಂದ್ರ, ಹಾಳಿ ನಂದ.”

“ಕೈ?”

“ಕೈ ನೀಲವ್ವಾರದು,” ಎಂದು ನಂದೀಶ ಒಪ್ಪಿಕೊಂಡ. “ಮುಂಜಾನೆ ಮೊದಲ್ನೇ ಬಸ್ಸಿಗೆ ಬುತ್ತಿ ಕಟಗೊಂಡು ಬಂದು ನಿಂತ್ರ ನೋಡು. ಮುಯ್ಯಿ ತೀರಸಾಕ ಬಂದೀನಿ, ಕೆಲಸ ಎಲ್ಲೈತಿ ಅಂದ್ರು. ನನ್ನ ಕೆಲಸಂದ್ರ ಇದ ಚಿತ್ರನ ಅಲ್ಲೇನು? ನನ್ನ ಎಮ್ಮಿ ನೋಡಿ, ಇದನ್ನ ಹಿಂಡೂದೋ ಹೂಡೂದೋ ಅಂತ ಕೇಳಿ, ಹೊಸಾ ಹಾಳಿ ತಗೊಂಡ್ರು. ನಮ್ಮವ್ವ ಚಾ ಕೊಟ್ರ ಸೈತ ಕುಡೀಲಿಲ್ಲ, ಕೆಲಸ ಮುಗೀಲಿ ಅಂದ್ರು.”

“ನೀ ಏನ ಮಾಡಿದಿ?”

“ನಾ ಆಟಾ ಆಡಿದ್ನಿ. ಹೊಲದ ಮಾಲಕ ಬದುವಿನ ಮ್ಯಾಲ ಕುಂಡ್ರೂದಲ್ಲೇನು?” ಎಂದು ನಕ್ಕ. ಆಮೇಲೆ ದನಿ ತಗ್ಗಿಸಿ, “ನಾಳೆ ನಿನ್ನ ಪಾಳಿ. ನಾಡದು ವೀರೂಂದು. ಹಾಳಿ ತಂದಿಡು,” ಎಂದ.

ಅಫ್ರೀನ ಕಿಟಕಿಯ ಬಳಿಯ ತನ್ನ ಹಾಳೆಯನ್ನು ನೋಡಿದಳು. ಗೋಡೆಯೊಂದು ಬರೆದಾಗಿತ್ತು. ಗೋಡೆಗೆ ಒರಗಬೇಕಾದವಳ ಜಾಗದಲ್ಲಿ ಉಜ್ಜಿ ಉಜ್ಜಿ ಬೂದಿಬಣ್ಣವಾದ ಒಂದು ಕಲೆ. ನಾಳೆ ಆ ಕಲೆಯ ಮೇಲೆ ನೀಲಗಂಗವ್ವನ ಕಪ್ಪು ದಪ್ಪ ಗೆರೆ ಬೀಳುತ್ತದೆ. ಸಂಜೆಯೊಳಗೆ ಅದ್ಭುತವಾದ ರಕ್ಕಸಿಯೊಬ್ಬಳು ಎತ್ತಿನ ಕಣ್ಣು ಬಿಟ್ಟು ನೋಡುತ್ತಾಳೆ. ಕೆಳಗೆ ‘ಚಿತ್ರ: ಅಫ್ರೀನ’ ಎಂದು ಅಚ್ಚಾಗುತ್ತದೆ. ಅವಳು ಹಾಳೆಯನ್ನು ಬೋರಲು ಹಾಕಿದಳು.

ವೀರುವಿಗೆ ಫೋನು ಮಾಡಿ ಎಲ್ಲ ಹೇಳಿದಳು. ಅವನು ಗಾಬರಿಯಾಗುತ್ತಾನೆಂದು ಅವಳು ತಿಳಿದಿದ್ದಳು.

“ನನಗೂ ಸಂಶೆ ಬಂದಿತ್ತು,” ಎಂದ ವೀರು. “ನಾಯಿ ನೋಡಿ. ಇರ್ಲಿ ಬಿಡು ಅಫ್ರೀನ. ಪುಸ್ತಕ ಚಂದ ಬರಾಕತ್ತೈತಿ.”

“ಮಂದಿ ಪುಸ್ತಕ ಅಂತ ಅಂದಿದ್ದಿಯಲ್ಲ? ಒಬ್ಬಾಕೀನ ಕೈ, ಎಲ್ಲಾರ ಹೆಸರು. ಇದಕ್ಕೂ ನಿನ್ನ ಫ್ಲೆಕ್ಸಿಗೂ ಏನ ಫರಕು? ಅಲ್ಲೂ ಮಾರಿ ಒಬ್ಬಂದು, ಶುಭ ಕೋರೂ ಹೆಸರು ಓಣಿ ಮಂದೀದು.”

ವೀರುವಿಗೆ ಅದು ನಾಟಿತು. “ಹಂಗಾದ್ರ ಏನ ಮಾಡೂದು? ತಿರುಗಿ ಬಂದ ಮುಯ್ಯಿ ಬ್ಯಾಡ ಅಂತ ಯಾರ ಹೇಳ್ತಾರ? ಆಕಿಗೆ ಮಾರಿಗೆ ಹೊಡದಂಗ. ನಾಳೆ ಕೆಂಡವ್ವನ್ನ ಬಿಟ್ಟು ನಮ್ಮನ್ನ ಹೊಡಿತಾಳ.”

“ಆಕಿ ಪುಟ ಬಂದೈತೇನು? ಮೊದಲ್ನೇದ್ದು?”

“ಇಲ್ಲ,” ಎಂದ ವೀರು. ಆಗಷ್ಟೇ ಅದು ಅವನಿಗೂ ಹೊಳೆದಂತಿತ್ತು. “ನಮ್ಮ ಮುಯ್ಯಿ ತೀರ್ಸೂದ್ರಾಗ ಆಕಿಗೆ ಯಾಳೆ ಎಲ್ಲೈತಿ?”

ಅಪ್ಪನಿಂದಲೂ ಸಹಾಯ ಸಿಗಲಿಲ್ಲ. ಹೊಲವಿಲ್ಲದಿದ್ದರೂ ಮಹಬೂಬಸಾಬ ಅಂತೂರ ಬೆಂತೂರವೂ ಸೇರಿ ಹಳ್ಳಿಹಳ್ಳಿ ತಿರುಗಿ ಗಾದಿ ಹಿಂಜಿ ಬಂದವನು. “ದುಡಿಯಾಕ ಬಂದವ್ರನ್ನ ಬಾಗಲದಾಗಿಂದ ಕಳಸಾಕ ಬರೂದಿಲ್ಲವಾ. ಆಕಿ ಏನ ಕೆಟ್ಟದ್ದ ಮಾಡಾಕ ಬರಾಕತ್ತಾಳೇನು? ನಿನ್ನ ರಬ್ಬರ ಉಳಿತೈತಿ,” ಎಂದ. ಅಫ್ರೀನ ಊಟ ಬಿಟ್ಟು ಎದ್ದಳು.

ಬೆಳಿಗ್ಗೆ ಮಹಬೂಬಸಾಬ ಯಂತ್ರ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ನೀಲಗಂಗವ್ವ. ಕೈಯಲ್ಲಿ ಬುತ್ತಿಗಂಟು, ಸೀರೆಯ ಸೆರಗು ಸೊಂಟಕ್ಕೆ ಬಿಗಿದಿತ್ತು.

“ಮಹಬೂಬಣ್ಣ, ಮಗಳೆಲ್ಲಿ? ಹೊತ್ತ ಏರಾಕತ್ತೈತಿ.”

“ಬರ್ರಿ ಅಕ್ಕಾರ, ಕುಂಡ್ರಿ. ಚಾ ಕುಡೀರಿ.”

“ಚಾ ಆಮ್ಯಾಲ. ಕೆಲಸ ಎಲ್ಲೈತಿ?”

“ಇಲ್ಲೈತ್ರಿ,” ಎಂದಳು ಅಫ್ರೀನ. ಅವಳು ಪಡಸಾಲೆಯಲ್ಲಿ ಒಂದು ಹೊಸ ಗಾದಿಯನ್ನು ನೆಲಕ್ಕೆ ಹಾಸಿ, ಇನ್ನೊಂದನ್ನು ಗೋಡೆಗೆ ಆನಿಸಿದ್ದಳು. “ಇಲ್ಲಿ ಕುಂಡ್ರಬೇಕ್ರಿ.”

“ಕುಂತ ತಗಿತೀನಿ ತಗೊ. ಹಾಳಿ ಕೊಡು.”

“ಹಾಳಿ ನನ್ನ ಕಡೆ ಇರ್ತೈತ್ರಿ. ನೀವು ಗ್ವಾಡಿಗೆ ಒರಗಿ ಕಾಲ ಚಾಚಿ ಬರೇ ಕುಂಡ್ರಬೇಕು. ನಾ ನಿಮ್ಮನ್ನ ನೋಡಿ ತಗಿತೀನಿ.”

ನೀಲಗಂಗವ್ವ ಗಾದಿಯನ್ನೂ ಹುಡುಗಿಯನ್ನೂ ನೋಡಿದಳು. “ಬರೇ ಕುಂಡ್ರೂದು ಕೆಲಸೇನ? ಮುಯ್ಯಿ ತೀರಸಾಕ ಬಂದಾಕಿನ್ನ ಬಾಣಂತಿ ಮಾಡ್ತೀಯೇನು?”

ಅಫ್ರೀನ ಹೇಳಿದಳು: “ನಿಮ್ಮ ಹೊಲಕ್ಕ ನಾ ಬಂದಾಗ ನೀವು ಹೇಳಿದ ಕೆಲಸ ಮಾಡಿದ್ನಿಲ್ರಿ? ಈಗ ನೀವು ನನ್ನ ಕೆಲಸಕ್ಕ ಬಂದೀರಿ. ಏನ ಮಾಡಬೇಕಂತ ನಾ ಹೇಳೂದೋ, ನೀವು ಹೇಳೂದೋ?”

ಮಹಬೂಬಸಾಬ ಯಂತ್ರ ನಿಲ್ಲಿಸಿದ. ಗಾಳಿಯಲ್ಲಿದ್ದ ಹತ್ತಿಯ ಎಳೆಗಳು ಮೆಲ್ಲನೆ ಇಳಿದು ಮೂವರ ತಲೆಯ ಮೇಲೂ ಕೂತವು.

“ಮಹಬೂಬಣ್ಣ,” ಎಂದಳು ನೀಲಗಂಗವ್ವ, “ಈಕೀಗೆ ವಕೀಲಕಿ ಕಲಿಸೀಯೇನು?”

“ಗಾದಿ ಹೊಲಿಯೂದು ಕಲಿಸಿದ್ನ್ರಿ ಅಕ್ಕಾರ. ಅದೊಂದ ಬಿಟ್ಟು ಎಲ್ಲಾ ಕಲತಾಳ.”

ನೀಲಗಂಗವ್ವ ಬುತ್ತಿಯನ್ನು ಗೂಟಕ್ಕೆ ತೂಗುಹಾಕಿ, ಗಾದಿಯ ಮೇಲೆ ಕುಳಿತಳು. ತೋಟದ ಬಾವಿಗೆ ಇಳಿಯುವವಳಂತೆ ಎಚ್ಚರದಿಂದ ಬೆನ್ನನ್ನು ಹಿಂದಕ್ಕೆ ಆನಿಸಿದಳು.

ಹುಟ್ಟಿದಾಗಿನಿಂದ ಆಕೆ ಹಗಲು ಹೊತ್ತಿನಲ್ಲಿ ಸುಮ್ಮನೆ ಕುಳಿತವಳಲ್ಲ. ಮೊದಲು ಕೈ ಚಡಪಡಿಸಿತು, ಗಾದಿಯ ಅಂಚಿನ ದಾರ ಎಳೆಯತೊಡಗಿತು. ಅದಕ್ಕೆ ಮಹಬೂಬಸಾಬ ಕೆಮ್ಮಿದ. ಮೂಗಿನ ಮೇಲೆ ನೊಣ ಕೂತಿತು. “ಹೊಡೀಲೇನ?” ಎಂದು ಕೇಳಿದಳು. “ಬ್ಯಾಡ್ರಿ,” ಎಂದಳು ಅಫ್ರೀನ. “ಆಟದಾಗ ರಕ್ಕಸಿ ಹೊಡದಾಕಿಗೆ ನೊಣ ಹೊಡ್ಯಾಕ ಅಪ್ಪಣಿ ಇಲ್ಲ,” ಎಂದು ನೀಲಗಂಗವ್ವ ನೊಣಕ್ಕೇ ಹೇಳಿದಳು. ಮೊಬೈಲ್ ಕೊಡು ಎಂದಳು, ಕೊಡಲಿಲ್ಲ. ಅಡುಗೆಮನೆಯಿಂದ ಇಣುಕಿದ ಅಫ್ರೀನಳ ತಾಯಿ ಅಮೀನಬಿಗೆ, “ನಿನ್ನ ಮಗಳು ನನ್ನ ಜೇಲಿಗೆ ಹಾಕ್ಯಾಳ ನೋಡವಾ,” ಎಂದು ದೂರಿದಳು. ಉಂಡು ಬಂದ ಮೇಲೆ ಮತ್ತೆ ಅದೇ ಗೋಡೆ, ಅದೇ ಗಾದಿ. ಇಳಿಮಧ್ಯಾಹ್ನದ ಹೊತ್ತಿಗೆ ಮಾತು ಕಡಿಮೆಯಾಯಿತು. ಎಡಗಾಲು ತಾನಾಗಿ ಇನ್ನಷ್ಟು ಚಾಚಿತು, ಒಂದು ಹೆಗಲು ಇಳಿಯಿತು, ಅಂಗೈ ಮೇಲ್ಮುಖವಾಗಿ ತೊಡೆಯ ಮೇಲೆ ಬಿತ್ತು. ಬೆಳಗಿನಿಂದ ಕುಳಿತು ಕುಳಿತು ಆಕೆ ನಿಜಕ್ಕೂ ದಣಿದಿದ್ದಳು.

ಅಫ್ರೀನ ಅಷ್ಟು ದಿನ ಹುಡುಕಿದ್ದು ಅದನ್ನೇ. ಹೆಗಲಿನ ಗೆರೆ ಎಳೆದಳು. ಅದು ಸ್ವಲ್ಪ ಸೊಟ್ಟಗಾಯಿತು. ಕೈ ರಬ್ಬರಿನ ಕಡೆ ಹೋಯಿತು. ಆದರೆ ಅಳಿಸುತ್ತ ಕೂತರೆ ಎದುರಿನವಳು ಎದ್ದುಬಿಡುತ್ತಾಳೆ, ಇಂಥ ಹೆಗಲು ಇನ್ನೊಮ್ಮೆ ಹೀಗೆ ಇಳಿಯುವುದಿಲ್ಲ. ಸೊಟ್ಟ ಹೆಗಲಿನ ಕೆಳಗೆ ತೋಳು ಎಳೆದಳು, ತೋಳಿನ ಕೆಳಗೆ ಅಂಗೈ. ಆಮೇಲೆ ಅವಳಿಗೆ ರಬ್ಬರಿನ ನೆನಪಾಗಲಿಲ್ಲ. ಬಿಸಿಲು ಕಿಟಕಿ ಬಿಟ್ಟು ಗಾದಿಗಳ ರಾಶಿ ಹತ್ತುವವರೆಗೂ ಪೆನ್ಸಿಲ್ ಕರಕರ ಅನ್ನುತ್ತಲೇ ಇತ್ತು.

“ಆತ್ರಿ,” ಎಂದಳು ಕೊನೆಗೆ.

ನೀಲಗಂಗವ್ವ ಮೊಣಕಾಲು ಹಿಡಿದು ಎದ್ದು, ಸೊಂಟ ನೆಟ್ಟಗೆ ಮಾಡಿಕೊಂಡು, ಹಾಳೆಗೆ ಬಗ್ಗಿದಳು. ಮಹಬೂಬಸಾಬನೂ ಹಿಂದಿನಿಂದ ಬಗ್ಗಿದ. ಹಾಳೆಯಲ್ಲಿ ಒಡೆದ ಕೋಟೆಗೋಡೆಗೆ ಒರಗಿ ಒಬ್ಬ ಭಾರಿ ಹೆಂಗಸು ಕೂತಿದ್ದಳು. ಕಾಲು ಚಾಚಿತ್ತು, ಅಂಗೈ ಮೇಲಾಗಿತ್ತು. ತಲೆಯ ಮೇಲೆ ಎರಡು ಕೊಂಬು, ಕೆಳತುಟಿಯ ಆಚೆ ಇಣುಕುವ ಎರಡು ಹಲ್ಲು, ಪಕ್ಕದಲ್ಲಿ ಆರುತ್ತಿರುವ ಬೆಂಕಿಯ ಬುಟ್ಟಿ.

ಮಹಬೂಬಸಾಬ ಒಂದು ಹೆಜ್ಜೆ ಹಿಂದೆ ಸರಿದ. ಮನೆಗೆ ದುಡಿಯಲಿಕ್ಕೆ ಬಂದ ಹಿರಿಯಳ ತಲೆಗೆ ಮಗಳು ಕೊಂಬು ಹಚ್ಚಿದ್ದಳು. “ಅಕ್ಕಾರ, ಹುಡುಗಿ ತಿಳೀಲಾರ್ದ...” ಎಂದು ಶುರುಮಾಡಿದ.

“ತಡೀಪಾ,” ಎಂದಳು ನೀಲಗಂಗವ್ವ. ಬಹಳ ಹೊತ್ತು ನೋಡಿದಳು. “ಚಿತ್ರದಾಗ ನಾ ರಾಣಿ ಇರಬೇಕಂತ ತಿಳಕೊಂಡು ಕುಂತಿದ್ನಿ. ಅದಕ್ಕ ನೊಣ ಸೈತ ಬಿಟ್ನಿ.”

ಮಹಬೂಬಸಾಬ ತಲೆಯ ಮೇಲಿನ ಹತ್ತಿ ಕೊಡವಿಕೊಂಡ.

“ಮೊಣಕಾಲ ನಂದ ಐತಿ,” ಎಂದಳು ಆಕೆ ಮತ್ತೆ. “ಸೊಟ್ಟ ಹೆಗಲಾನೂ ನಂದ. ಮೇವಿನ ಹೊರಿ ಹೊತ್ತು ಹೊತ್ತು ಹಂಗಾಗೈತಿ. ಅಲ್ಲವಾ, ವಾರವಾರ ಹೋಗಿ ಈಕಿನ್ನ ಕಡಿತೀನಿ, ಈಕಿ ಹಿಂಗ ಕುಂಡ್ರತಾಳಂತ ನನಗ ಯಾರ ಹೇಳಬೇಕು?” ಇನ್ನಷ್ಟು ಬಗ್ಗಿ, ಕಣ್ಣು ಕಿರಿದು ಮಾಡಿದಳು. “ಹಲ್ಲ ಸಣ್ಣವು ಆಗ್ಯಾವ. ತಾ ಇಲ್ಲೆ ಪೆನ್ಸಿಲ್ಲ. ಎರಡ ಗೆರಿ ಎಳದ ಕೊಡ್ತೀನಿ.”

ಆಕೆ ಕೈ ಚಾಚುತ್ತಲೇ ಅಫ್ರೀನ ಹಾಳೆಯನ್ನು ಎದೆಗೆ ಅವಚಿಕೊಂಡಳು.

“ಬ್ಯಾಡ್ರಿ ನೀಲವ್ವಾರ. ಹಲ್ಲು ಅಷ್ಟ ಇರ್ಲಿ.”

“ರಕ್ಕಸಿ ಅಂದಮ್ಯಾಲ ಹಲ್ಲ ಕುಡಗೋಲ ಇದ್ದಂಗ ಇರಬೇಕವಾ.”

“ನಿಮ್ಮ ರಕ್ಕಸಿಗೆ ಇರ್ಲಿ. ಈಕಿ ನನ್ನಾಕಿ.”

ನೀಲಗಂಗವ್ವ ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡಳು. ಮುಖದ ಮೇಲೆ ಸಿಟ್ಟೋ ನಗೆಯೋ ತಿಳಿಯಲಿಲ್ಲ. ಅಫ್ರೀನ ಹಾಳೆಯ ಮೂಲೆಯಲ್ಲಿ ತನ್ನ ಹೆಸರು ಬರೆದಳು, ಕಿಟಕಿಯ ಬೆಳಕಿಗೆ ಹಿಡಿದು ಫೋಟೋ ತೆಗೆದಳು, ಇನ್ನೊಮ್ಮೆ ನೋಡಿದರೆ ಎಲ್ಲಿ ಮನಸ್ಸು ಬದಲಾದೀತೋ ಎಂದು ನೋಡದೆಯೇ ವೀರುವಿಗೆ ಕಳಿಸಿಬಿಟ್ಟಳು. ಅದರ ಹಿಂದೆಯೇ ಇನ್ನೊಂದು ಸಂದೇಶ: ‘ನಾಳೆ ನೀಲವ್ವಾರು ನಿನ್ನ ಅಂಗಡಿಗೆ ಬರ್ತಾರ. ಕೆಲಸ ನೀನ ಹೇಳಬೇಕು. ಮೊದಲ್ನೇ ಪುಟ ತಗೀರಿ, ನಿಮ್ಮ ಹೆಸರು ಹಾಕ್ರಿ ಅಂತ ಹೇಳು. ನಂದೀಶಗೂ ಮೌನೇಶಗೂ ತಮ್ಮ ಎಮ್ಮಿ, ತಮ್ಮ ಚಿಲಕ ತಾವ ಮತ್ತ ತಗೀರಿ ಅನ್ನು.’

ನೀಲಗಂಗವ್ವ ಈಗ ಚಹಾ ಕುಡಿದಳು. ಎರಡು ಕಪ್ಪು. ಬುತ್ತಿಯ ಬಟ್ಟೆ ಮಡಚಿ ಸೊಂಟಕ್ಕೆ ಸಿಗಿಸಿಕೊಂಡಳು. ಹೊಸ್ತಿಲು ದಾಟಿದವಳು ಏನೋ ನೆನಪಾದಂತೆ ನಿಂತು, ಎಡಗೈಯಿಂದ ಸೊಂಟ ಒತ್ತಿಕೊಳ್ಳುತ್ತ ತಿರುಗಿದಳು.

“ಒಂದ ಮಾತು. ಉಳ್ಳಾಗಡ್ಡಿ ಕಿತ್ತದ್ದು ಒಂದ ದಿನದ ಕೆಲಸ. ಈ ಕುಂಡ್ರೂದು ಒಂದ ದಿನದ್ದಲ್ಲವಾ. ನನ್ನ ಸೊಂಟ ಕೇಳು, ಹೇಳ್ತೈತಿ. ಒಂದೂವರಿ ದಿನದ್ದು. ಅನ್ಯಾಯ ಆಗಬಾರ್ದು, ನಿನ್ನ ಕಡೆ ಅರ್ಧ ದಿನ ಉಳೀತು. ಮೆಣಸಿನಕಾಯಿ ಹರಿಯಾಕ ಬಾ.”

ಅಫ್ರೀನ ಅಪ್ಪನ ಮುಖ ನೋಡಿದಳು. ಅಪ್ಪ ಹತ್ತಿಯ ಮುಖ ನೋಡಿದ.

“ಬರ್ತೀನ್ರಿ,” ಎಂದಳು.

“ಹಾಳಿ, ಪೆನ್ಸಿಲ್ಲ ತರಬ್ಯಾಡ. ಅಲ್ಲಿ ಕೆಲಸ ನಾ ಹೇಳ್ತೀನಿ.”